ಈರಕ್ಕ ಹಾಸಿದ ನಡೆಮಡಿ

ಈರಕ್ಕನಿಗೆ ಸಿಟ್ಟು ಬಂದರೆ ಬಟ್ಟೆಗೆ ಒಳ್ಳೆಯದು, ಮಿಕ್ಕವರಿಗೆಲ್ಲ ಕಷ್ಟ. ಹಿರಿಯೂರಿನ ನಾಲೆಯ ದಂಡೆಯಲ್ಲಿ ಅವಳು ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಕೇಳಿಯೇ, ಇವತ್ತು ಅವಳನ್ನು ಮಾತಾಡಿಸಬಹುದೋ ಬಾರದೋ ಎಂದು ಪಕ್ಕದ ಕಲ್ಲಿನವರು ತಿಳಿದುಕೊಳ್ಳುತ್ತಿದ್ದರು. ಎಪ್ಪತ್ತೆಂಟನೆಯ ಇಸವಿಯ ದೀಪಾವಳಿ ಕಳೆದ ಮೇಲೆ ಇಬ್ಬರು ಬಿಳಿ ಹುಡುಗರು ಮೂರ್ತಪ್ಪನವರ ಮನೆಯ ಹೊರಕೋಣೆಗೆ ಬಾಡಿಗೆಗೆ ಬಂದರು. ಆಮೇಲೆ ಬಹಳ ಕಾಲ ಆ ಕಲ್ಲಿನ ಹತ್ತಿರ ಯಾರೂ ಮಾತಿಗೆ ಹೋಗಲಿಲ್ಲ.

ಈ ಸಿಟ್ಟು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ಮತ್ತೋಡಿನ ಮಡಿವಾಳರ ಮನೆಯ ಹುಡುಗಿ. ಹಿರಿಯೂರಿನ ಮಾರಪ್ಪನಿಗೆ ಕೊಟ್ಟಾಗ ಇನ್ನೂ ಸೀರೆ ನೆಟ್ಟಗೆ ಉಡಲು ಬರುತ್ತಿರಲಿಲ್ಲ. ಬಂದ ವಾರದೊಳಗೆ ಅತ್ತೆ ಅವಳನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ, "ನೋಡವ್ವಾ, ಆ ಅರಳಿಮರದಿಂದ ಈ ಬಾವಿಗಂಟ ನಿಂದು. ಇಲ್ಲಿ ಬ್ಯಾರೆ ಮಡಿವಾಳ್ರು ಕಾಲಿಡಂಗಿಲ್ಲ, ನೀನು ಬ್ಯಾರೆಯೋರ ಬೀದೀಗೆ ಕಾಲಿಡಂಗಿಲ್ಲ" ಎಂದಿದ್ದಳು. ಅಂದಿನಿಂದ ಆ ಬೀದಿಯಲ್ಲಿ ಯಾರು ಹುಟ್ಟಿದರೂ, ಯಾವ ಹುಡುಗಿ ಮೈನೆರೆದರೂ, ಯಾರು ಸತ್ತರೂ ಮೊದಲ ಬಟ್ಟೆ ಬೀಳುವುದು ಈರಕ್ಕನ ಕೈಗೆ. ಒಂದು ಕರವಸ್ತ್ರ ಕಳೆಯಲಿಲ್ಲ, ಒಬ್ಬರ ಮನೆಯ ವಿಷಯ ಇನ್ನೊಬ್ಬರ ಮನೆಗೆ ಹೊರಲಿಲ್ಲ. ಆದರೂ ಅವಳಿಗೆ ಪಡಸಾಲೆಯಿಂದ ಒಳಗೆ ಪ್ರವೇಶವಿಲ್ಲ. ಪೂಜೆಗೆ ಉಡುವ ಮಡಿಸೀರೆಯನ್ನು ಅವಳು ಬೆರಳಿನಿಂದಲೂ ಮುಟ್ಟುವಂತಿಲ್ಲ. ಊರಿನ ಕೊಳೆಯನ್ನೆಲ್ಲ ತೆಗೆದು ಮಡಿ ಮಾಡಿಕೊಡುವವಳು ಮುಟ್ಟಿದರೆ ಮೈಲಿಗೆಯಂತೆ! ಈ ಕಟ್ಟಳೆ ಮಾಡಿದವನು ಸಿಕ್ಕಿದ್ದರೆ ಅವನನ್ನು ಬಟ್ಟೆಸಮೇತ ಒಂದು ಸಲ ಕಲ್ಲಿಗೆ ಹಾಕುತ್ತಿದ್ದೆ ಎಂದು ಈರಕ್ಕ ಹೇಳುತ್ತಿದ್ದಳು. ಅವಳ ಕೈ ನೋಡಿದವರಿಗೆ ಅದು ಬರೀ ಮಾತು ಅನ್ನಿಸುತ್ತಿರಲಿಲ್ಲ.

ಮೂರ್ತಪ್ಪನವರು ಮಾರಿಕಣಿವೆಯ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಣೆಕಟ್ಟಿನ ತೂಬು ಎತ್ತಿಸುವ, ಇಳಿಸುವ ಆಜ್ಞೆಗಳೆಲ್ಲ ಅವರ ಕೈಯಿಂದ ಹೋಗಿದ್ದವು. ಮನೆಯಲ್ಲಿ ಮಾತ್ರ ಆಜ್ಞೆಯೆಲ್ಲ ಹೆಂಡತಿ ಶಾಂತಕ್ಕನದು. ಹೊರಕೋಣೆಗೆ ಬಿಳಿಯರನ್ನು ತಂದವಳೂ ಅವಳೇ. ಅಮೆರಿಕದ ಹುಡುಗರು, ಮಾರ್ಮನ್ ಅನ್ನುವ ಪಂಗಡದವರು, ಎರಡು ವರ್ಷ ಮನೆ ಬಿಟ್ಟು ಊರೂರು ತಿರುಗಿ ತಮ್ಮ ದೇವರ ಮಾತು ಹೇಳುವ ವ್ರತ ಹಿಡಿದಿದ್ದಾರೆ, ಸಂಜೆ ಇಂಗ್ಲಿಷ್ ಕಲಿಸುತ್ತಾರೆ ಎಂದು ಬೀದಿಗೆಲ್ಲ ಸಾರಿದಳು. ಹೆಸರು ಬ್ರಿಗ್ಸ್ ಮತ್ತು ಸೋರೆನ್‌ಸನ್. ಆ ಹೆಸರು ಬೀದಿಯ ನಾಲಿಗೆಗೆ ಹತ್ತಲಿಲ್ಲ. ಎತ್ತರದವನು ಉದ್ದಪ್ಪನಾದ, ಕೆಂಪು ಕೂದಲಿನವನು ಕೆಂಚಪ್ಪನಾದ.

ಅವರ ದಿನಚರಿಯನ್ನು ಬೀದಿ ಬಹುಬೇಗ ಬಾಯಿಪಾಠ ಮಾಡಿಕೊಂಡಿತು. ಬೆಳಕು ಹರಿಯುವಾಗ ಎದ್ದು ಮಂಚದ ಪಕ್ಕ ಮಂಡಿಯೂರುತ್ತಾರೆ. ಆಮೇಲೆ ಓದು, ಒಂದು ಗಳಿಗೆ ಅವರ ಗ್ರಂಥ, ಒಂದು ಗಳಿಗೆ ಕನ್ನಡದ ಪಾಠ. ಬಿಳಿ ಅಂಗಿ, ಟೈ ಕಟ್ಟಿಕೊಂಡು ಎರಡು ಸೈಕಲ್ಲಿನಲ್ಲಿ ಹೊರಟರೆ ಸಂಜೆತನಕ ಮನೆ ಮನೆ ಬಾಗಿಲು. ಒಬ್ಬನನ್ನು ಬಿಟ್ಟು ಒಬ್ಬನಿರುವಂತಿಲ್ಲ. ಒಬ್ಬ ಕ್ಷೌರಕ್ಕೆ ಕೂತರೆ ಇನ್ನೊಬ್ಬ ಪಕ್ಕದಲ್ಲಿ ಕಾವಲು. ಸಿನಿಮಾ ಇಲ್ಲ, ಹುಡುಗಿಯರ ಕಡೆ ನೋಡುವಂತಿಲ್ಲ, ಊರಿಗೆ ಹೋಗುವಂತಿಲ್ಲ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ. ಬೇರೆ ಭಕ್ತರು ಯಾರೂ ಇಲ್ಲದ್ದರಿಂದ ಭಾನುವಾರದ ಪ್ರಾರ್ಥನೆಗೂ ಇಬ್ಬರೇ ಎದುರುಬದುರು ಕೂತು, ಬ್ರೆಡ್ಡಿನ ಚೂರು ಮುರಿದು ನೀರು ಕುಡಿದು ಏಳುತ್ತಿದ್ದರು.

ಇದನ್ನೆಲ್ಲ ಬೀದಿ ಮೆಚ್ಚಿಕೊಂಡಿತು. ಮೆಚ್ಚದೆ ಹೋದದ್ದು ಒಂದೇ, ಅವರು ಕಾಪಿ ಕುಡಿಯುತ್ತಿರಲಿಲ್ಲ. ಚಹಾ ಕೂಡ ಇಲ್ಲ. ಯಾರ ಮನೆಗೆ ಹೋದರೂ "ಬರ್ರಿ, ಕುಂತ್ಕಳ್ರಿ" ಎಂದ ಕೂಡಲೇ ಲೋಟ ಬರುತ್ತದೆ. ಹುಡುಗರು ಹಲ್ಲೆಲ್ಲ ತೋರಿಸಿ ನಕ್ಕು, "ಬೇಡ, ಧನ್ಯವಾದಗಳು, ತಮ್ಮ ಮನೆ ಬಹಳ ಚೆನ್ನಾಗಿದೆ" ಎನ್ನುತ್ತಾರೆ. ಅದು ಅವರ ವ್ರತದ ನೇಮ ಎಂದು ಹೇಳಿದರೂ ನಂಬುವವರು ಯಾರು? ನಮ್ಮ ಲೋಟ ಅವರಿಗೆ ಹೇಸಿಗೆ, ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ನಗುತ್ತಾರೆ ಎಂದು ಬೀದಿ ತೀರ್ಪು ಕೊಟ್ಟಿತು. ಈ ತೀರ್ಪಿನ ಬೆಲೆಯನ್ನು ಕೊನೆಗೆ ತೆರಬೇಕಾಗಿ ಬಂದದ್ದು, ಕಾಪಿ ಕೊಡಲು ಹಕ್ಕೇ ಇಲ್ಲದ ಈರಕ್ಕ.

ಬುಧವಾರ ಅವರ ಬಟ್ಟೆಯ ದಿನ. ಅವತ್ತು ಬಾಗಿಲು ತಟ್ಟುವುದಿಲ್ಲ, ಮನೆಗೆ ಕಾಗದ ಬರೆಯುತ್ತಾರೆ, ಸಂತೆ ಮಾಡುತ್ತಾರೆ. ಈರಕ್ಕ ಗಂಟು ಒಯ್ಯುತ್ತಾಳೆ. ಮೊದಲ ಗಂಟು ಬಿಚ್ಚಿದಾಗಲೇ ಅವಳ ಕೈ ನಿಂತಿತು. ಅಂಗಿಗಳಿವೆ, ಪ್ಯಾಂಟುಗಳಿವೆ, ಹೊದಿಕೆ, ಟವೆಲ್ಲು, ದಿಂಬಿನ ಚೀಲ ಎಲ್ಲ ಇವೆ. ಒಳಗೆ ತೊಡುವ ಬಟ್ಟೆ ಒಂದೂ ಇಲ್ಲ. ಮರೆತಿರಬೇಕು ಎಂದುಕೊಂಡಳು. ಎರಡನೆಯ ವಾರವೂ ಇಲ್ಲ, ಮೂರನೆಯ ವಾರವೂ ಇಲ್ಲ.

ಕೇಳಿಯೇಬಿಟ್ಟಳು. "ಏನಪ್ಪ, ಎಲ್ಲಾ ಬಟ್ಟೆ ಕೊಡ್ತಾ ಇಲ್ವಲ್ಲ. ಒಳಗಿನವು ಎಲ್ಲಿ?"

ಕೆಂಚಪ್ಪನ ಮುಖ ಅವನ ಕೂದಲಿಗಿಂತ ಕೆಂಪಾಯಿತು. ಉದ್ದಪ್ಪ ನಕ್ಕು, "ಅವುಗಳನ್ನು ನಾವೇ ತೊಳೆಯುತ್ತೇವೆ. ತಮಗೆ ಧನ್ಯವಾದಗಳು" ಎಂದ. ಪುಸ್ತಕದ ಕನ್ನಡ, ಅದರ ಮೇಲೊಂದು ನಗು.

ಈರಕ್ಕನಿಗೆ ಮೈಯೆಲ್ಲ ಉರಿಯಿತು. ಬೀದಿಯ ಒಳ್ಳೆಯದು ಕೆಟ್ಟದ್ದನ್ನೆಲ್ಲ ತೊಳೆದ ಕೈ ಇದು. ಯಾವ ದೇಶದಿಂದಲೋ ಬಂದ, ಮೀಸೆ ಸರಿಯಾಗಿ ಮೂಡದ ಹುಡುಗರಿಗೆ ಈ ಕೈ ಸಾಲದೆ? ಇಲ್ಲಿಯ ಮಡಿ ಸಾಲದು ಎಂದು ಸಮುದ್ರದಾಚೆಯಿಂದ ಇನ್ನೊಂದು ಮಡಿ ತಂದರೇನು? ಅವತ್ತು ನಾಲೆಯಲ್ಲಿ ಉದ್ದಪ್ಪನ ಅಂಗಿಯ ಗುಂಡಿಗಳು ಪುಡಿಪುಡಿಯಾದವು.

ಆದರೆ ಕಸುಬಿನಲ್ಲಿ ಸಿಟ್ಟು ತೀರಿಸುವ ಹೆಂಗಸಲ್ಲ ಅವಳು. ಗುಂಡಿ ತಾನೇ ಹೊಲಿಸಿಕೊಟ್ಟಳು. ಇನ್ನು ಆ ಬಿಳಿ ಅಂಗಿಗಳ ಕಥೆ ಕೇಳಬೇಕು. ಹಿರಿಯೂರಿನ ಕೆಂಪು ಧೂಳು, ದಿನವಿಡೀ ಸೈಕಲ್ಲು, ಟೈ ಬಿಗಿದ ಕುತ್ತಿಗೆಯ ಬೆವರು, ನಾಯಿ ಅಟ್ಟಿಸಿಕೊಂಡು ಬಂದಾಗ ಬೇಲಿಗೆ ಬಿದ್ದ ಕಲೆ. ಅಷ್ಟಾದರೂ ಅವರಿಗೆ ವಾರಕ್ಕೊಮ್ಮೆ ಹಾಲಿನಂಥ ಬಿಳುಪು ಬೇಕು. ಕೊಳಕು ಅಂಗಿ ತೊಟ್ಟು ದೇವರ ಮಾತು ಹೇಳಬಾರದಂತೆ. ಮಡಿವಾಳರು ಬಟ್ಟೆಗೆ ಹಾಕುವ ಸವುಳು ಮಣ್ಣಿಗೆ ಆ ಕೊಳೆ ಬಗ್ಗಲಿಲ್ಲ. ಅಂಗಡಿಯಿಂದ ಬ್ಲೀಚಿಂಗ್ ಪೌಡರ್ ತಂದು, ಬಿಸಿನೀರಿಗೆ ಕಲಸಿ, ಕೈಯಿಂದಲೇ ಅದ್ದಿ ಅದ್ದಿ ಹಿಂಡಿದಳು. ಅಂಗಿ ಬೆಳ್ಳಗಾದವು. ಕೆಲವು ತಿಂಗಳಲ್ಲಿ ಅವಳ ಎರಡೂ ಕೈಯ ಚರ್ಮ ಸುಲಿದು, ಬೆರಳ ಸಂದಿನಿಂದ ಮುಂಗೈವರೆಗೆ ಬಿಳಿ ಬಿಳಿ ಮಚ್ಚೆಗಳು ಎದ್ದವು.

ಕೆಂಚಪ್ಪನ ಮೇಲೆ ಮಾತ್ರ ಅವಳಿಗೆ ಪೂರ್ತಿ ಸಿಟ್ಟಾಗಲು ಆಗುತ್ತಿರಲಿಲ್ಲ. ಅವನ ದಿಂಬಿನ ಚೀಲದ ಮೇಲೆ ಪ್ರತಿ ವಾರವೂ ಉಪ್ಪಿನ ಕಲೆ. ಹಗಲೆಲ್ಲ ನಗುವ ಹುಡುಗ ಮಲಗಿ ಅಳುತ್ತಾನೆ ಎಂದು ಇಡೀ ಹಿರಿಯೂರಿನಲ್ಲಿ ಗೊತ್ತಿದ್ದದ್ದು ಈರಕ್ಕನಿಗೊಬ್ಬಳಿಗೆ. ಯಾರಿಗೂ ಹೇಳಲಿಲ್ಲ. ಹೆತ್ತವರು ಇಂಥ ಎಳೆಯನನ್ನು ಎರಡು ವರ್ಷ ಹೇಗೆ ಬಿಟ್ಟಿದ್ದಾರೆ ಎಂದು ಅವನ ತಾಯಿಯ ಮೇಲೂ ಒಂದಿಷ್ಟು ಸಿಟ್ಟು ಮಾಡಿಕೊಂಡಳು.

ಮಾಘ ಮಾಸ ಬರುವ ಹೊತ್ತಿಗೆ ಶಾಂತಕ್ಕನ ಮಗಳು ಸರ್ವಮಂಗಳಳ ಮದುವೆ ಗೊತ್ತಾಯಿತು. ಗಂಡು ಹೊಳಲ್ಕೆರೆ ಕಡೆಯವನು, ದೊಡ್ಡ ಮನೆ. ಮದುವೆಗೆಂದು ಹಾಸಿಗೆ, ಜಮಖಾನ ಎಲ್ಲ ತೊಳೆಯಲು ಹಾಕಬೇಕು. ಈರಕ್ಕ ಗಂಟಿಗೆ ಕೈ ಚಾಚಿದಳು. ಶಾಂತಕ್ಕನ ಕಣ್ಣು ಆ ಕೈಯ ಮೇಲೆ ನಿಂತಿತು.

"ಏನೇ ಅದು ಕೈಯಾಗೆ?"

"ಪೌಡರ್ ಹತ್ತೈತೆ ಅಮ್ಮಾ. ನಿಮ್ಮ ಬಾಡಿಗೆ ಹುಡುಗ್ರ ಅಂಗಿದು."

ಶಾಂತಕ್ಕ ಗಂಟನ್ನು ಕಾಲಿನಿಂದ ಹಿಂದಕ್ಕೆ ಎಳೆದುಕೊಂಡಳು. "ಇರ್ಲಿ ಬಿಡು, ನಾಳೆ ನೋಡಾಣ" ಎಂದಳು.

ಆ ನಾಳೆ ಬರಲೇ ಇಲ್ಲ. ಶಾಂತಕ್ಕನ ತಲೆ ಮಾತ್ರ ಬಹಳ ಚುರುಕಾಗಿ ಓಡಿತು. ಬಿಳಿಯರು ಓದಿದವರು, ರೋಗ ರುಜಿನ ಬಲ್ಲವರು. ಮೈಗೆ ತಾಗುವ ಬಟ್ಟೆಯನ್ನು ಅವರು ಮೊದಲಿನಿಂದಲೂ ಈರಕ್ಕನಿಗೆ ಕೊಡುತ್ತಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡು ತಾವೇ ತೊಳೆಯುವ ಸದ್ದು ದಿನಾ ಕೇಳುತ್ತದೆ. ಯಾಕೆ ಕೊಡುತ್ತಿಲ್ಲ? ಅವರಿಗೆ ಆಗಲೇ ಕಂಡಿದೆ, ನಮಗೆ ಈಗ ಕಂಡಿತು. ಇದು ದೊಡ್ಡ ರೋಗ, ಕುಷ್ಠ! ಮಧ್ಯಾಹ್ನ ಎಲೆ ಅಡಿಕೆ ಹಾಕಿಕೊಳ್ಳಲು ಬಂದವರಿಗೆ ಇದನ್ನು ಪಿಸುಮಾತಿನಲ್ಲಿ ಹೇಳಿದಳು. ಪಿಸುಮಾತು ಸಂಜೆಗೆ ಬಾವಿ ಮುಟ್ಟಿತು, ಮರುದಿನ ಅರಳಿಮರ ದಾಟಿತು. ಒಂದು ಮನೆಯಲ್ಲಿ "ಈ ವಾರ ಬಟ್ಟೆ ಇಲ್ಲ ಕಣೇ", ಇನ್ನೊಂದು ಮನೆಯಲ್ಲಿ "ಸೊಸೆ ತೊಳ್ಕಂಡ್ಲು". ಓಬವ್ವ ಅನ್ನುವ ಮುದುಕಿಯ ಬಾಣಂತನದ ಬಟ್ಟೆ, ಮಕ್ಕಳ ಬಾಣಂತನದ ಬಟ್ಟೆ, ಮೊಮ್ಮಕ್ಕಳ ಬಟ್ಟೆ ಎಲ್ಲ ಈರಕ್ಕನ ಮನೆಯವರೇ ತೊಳೆದದ್ದು. ಅವಳೂ ಬಾಗಿಲು ಅರ್ಧ ಮುಚ್ಚಿ ಮಾತಾಡಿದಳು. ಇಡೀ ಬೀದಿಯಲ್ಲಿ ಈರಕ್ಕನಿಗೆ ಬಟ್ಟೆ ಕೊಡುತ್ತಾ ಉಳಿದವರು ಆ ಬಿಳಿ ಹುಡುಗರಿಬ್ಬರೇ. ಅವರಿಗೆ ಈ ಸುದ್ದಿಯೇ ತಿಳಿಯಲಿಲ್ಲ. ಬೆಳಗಾಗೆದ್ದು ಜಗತ್ತಿನ ಪಾಪದ ಬಗ್ಗೆ ಮಾತಾಡುವವರಿಗೆ ತಮ್ಮ ಕೋಣೆಯ ಹೊಸ್ತಿಲಿನಲ್ಲಿ ಏನಾಗುತ್ತಿದೆ ಎಂದು ಯಾರು ಹೇಳಬೇಕು?

ಮಾರಪ್ಪ ಹೆಂಡತಿಯನ್ನು ಬಸ್ಸು ಹತ್ತಿಸಿಕೊಂಡು ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಮಚ್ಚೆಯ ಮೇಲೆ ಸೂಜಿ ಚುಚ್ಚಿದರು. ಈರಕ್ಕ ಕೂಗಿದ ಕೂಗಿಗೆ ಹೊರಗಿನ ಸಾಲೆಲ್ಲ ತಿರುಗಿ ನೋಡಿತು. ಡಾಕ್ಟರು ನಕ್ಕು, "ನೋವಾಗ್ತದಲ್ಲ, ನಿನಗೆ ಯಾವ ರೋಗವೂ ಇಲ್ಲಮ್ಮ. ಪೌಡರ್ ಬಿಡು, ಕೊಬ್ಬರಿ ಎಣ್ಣೆ ಹಚ್ಚು" ಎಂದು ಕಳಿಸಿದರು. ಆ ಸಂಜೆ ಈರಕ್ಕ ಬೀದಿಯಲ್ಲಿ ಒಂದೊಂದು ಬಾಗಿಲಿಗೂ ಹೋಗಿ ಅದನ್ನು ಹೇಳಿದಳು. ಬೀದಿ ತಲೆಯಾಡಿಸಿತು, ಆಯ್ತು ಬಿಡು ಎಂದಿತು, ಬಟ್ಟೆ ಕೊಡಲಿಲ್ಲ. ಓದಿದ ಡಾಕ್ಟರು ಬಾಯಿಬಿಟ್ಟು ಹೇಳಿದ ಮಾತು ಸುಳ್ಳಂತೆ, ಬಿಳಿ ಹುಡುಗರು ಬಾಯಿಬಿಡದೆ ಇದ್ದದ್ದು ನಿಜವಂತೆ! ಇಂಥ ನ್ಯಾಯವನ್ನು ಯಾವ ಕಲ್ಲಿಗೆ ಬಡಿಯಬೇಕು?

ಬುಧವಾರ ಅವಳು ಗಂಟು ಒಯ್ಯಲು ಹೋಗಲಿಲ್ಲ, ಜಗಳಕ್ಕೆ ಹೋದಳು. ಹುಡುಗರು ಮೇಜಿನ ಮುಂದೆ ಕೂತು ಕಾಗದ ಬರೆಯುತ್ತಿದ್ದರು. ಈರಕ್ಕ ಬಾಗಿಲಲ್ಲಿ ನಿಂತು ಎರಡೂ ಕೈ ಮುಂದೆ ಚಾಚಿದಳು.

"ನೋಡ್ರಪ್ಪ. ಇದು ನಿಮ್ಮ ಅಂಗಿ ಬೆಳ್ಳಗೆ ಮಾಡಿದ ಕೈ. ನೀವು ಒಳಗಿನ ಬಟ್ಟೆ ಕೊಡ್ಲಿಲ್ಲ ಅಂತ, ಇದಕ್ಕೆ ದೊಡ್ಡ ರೋಗ ಐತೆ ಅಂತಾರೆ ಜನ. ನನ್ನ ಬೀದಿ ಹೋತು. ಈಗ ಹೇಳ್ರಿ, ಯಾಕೆ ಕೊಡ್ಲಿಲ್ಲ? ನನ್ನ ಕೈ ನಿಮಗೆ ಹೊಲಸಾ?"

ಉದ್ದಪ್ಪನಿಗೆ ಅರ್ಧ ಅರ್ಥವಾಯಿತು, ಕೆಂಚಪ್ಪನಿಗೆ ಪೂರ್ತಿ. ಈ ಸಲ ಇಬ್ಬರೂ ನಗಲಿಲ್ಲ. ಕೆಂಚಪ್ಪ ಎದ್ದು ಬಂದು, ಮಾತುಗಳನ್ನು ಹುಡುಕಿ ಹುಡುಕಿ ಹೇಳಿದ. "ಅಮ್ಮಾ, ತಮ್ಮ ಕೈ ಕಾರಣ ಅಲ್ಲ. ಅದು ವ್ರತದ ಬಟ್ಟೆ. ದೇವರ ಮುಂದೆ ಮಾತು ಕೊಟ್ಟು ನಾವು ಧರಿಸುತ್ತೇವೆ. ಬೇರೆಯವರ ಕಣ್ಣಿಗೆ ಕಾಣುವಂತೆ ಅದನ್ನು ಬಿಸಿಲಿಗೆ ಹಾಕಬಾರದು. ಅದರ ಬಗ್ಗೆ ಹೆಚ್ಚು ಮಾತನಾಡುವುದೂ ಇಲ್ಲ."

ಈರಕ್ಕ ಅವನನ್ನೇ ದಿಟ್ಟಿಸಿದಳು. "ಮಡಿ ಅನ್ನು ಮತ್ತೆ!" ಎಂದಳು. "ಮಡಿ ಅಂತ ಒಂದು ಮಾತು ಅಂದಿದ್ರೆ ನಾನು ಆ ಗಂಟಿನ ಕಡೆ ತಿರುಗಿ ನೋಡ್ತಿರ್ಲಿಲ್ಲ. ಮಡಿ ಅಂದ್ರೆ ಏನು ಅಂತ ನಮ್ಮ ಕುಲಕ್ಕೆ ಹೇಳ್ಕೊಡ್ಬೇಕಾ? ನಿಮಗೆ ಬಾಯಿರಲಿಲ್ಲ, ನನ್ನ ಹೊಟ್ಟೆಪಾಡು ಹೋತು."

ಹುಡುಗರಿಗೆ ನಿಜವಾಗಿಯೂ ಸಂಕಟವಾಯಿತು. ಕಾಗದ ಹಾಗೇ ಬಿಟ್ಟು ಶಾಂತಕ್ಕನ ಬಾಗಿಲಿಗೆ ಹೋದರು. "ಈರಮ್ಮನವರಿಗೆ ರೋಗ ಇಲ್ಲ. ನಮ್ಮ ಬಟ್ಟೆಯ ವಿಷಯ ಬೇರೆ. ದಯವಿಟ್ಟು ತಾವು ನಂಬಬೇಕು" ಎಂದು ಹೇಳಿ, ಅಭ್ಯಾಸಬಲದಿಂದ ಕೊನೆಯಲ್ಲಿ ನಕ್ಕರು. ಅಲ್ಲಿಗೆ ಕೆಲಸ ಕೆಟ್ಟಿತು. ಅವರು ತಮ್ಮ ಕೋಣೆಗೆ ಹಿಂತಿರುಗುವ ಮೊದಲೇ ಶಾಂತಕ್ಕ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. "ಪಾಪ, ಮರ್ಯಾದಸ್ತ ಹುಡುಗ್ರು. ಯಾರ ಮನಸ್ಸೂ ನೋಯಿಸಲ್ಲ. ನಮ್ಮ ಕಾಪಿ ಹಿಡಿಸಲ್ಲ ಅಂತ ಯಾವತ್ತಾದ್ರೂ ಬಾಯಿಬಿಟ್ಟು ಅಂದವ್ರಾ? ಹಂಗೇ ಇದೂನೂವೆ."

ಇಷ್ಟಾದ ಮೇಲೆ ಈರಕ್ಕನಿಗೆ ಉಳಿದದ್ದು ಮದುವೆಯೊಂದೇ. ಹೆಣ್ಣು ಗಂಡು ಹಸೆಗೆ ಬರುವಾಗ ಅವರ ಕಾಲು ನೆಲಕ್ಕೆ ತಾಗದಂತೆ ಮಡಿವಾಳರು ಒಗೆದ ಬಿಳಿ ಬಟ್ಟೆ ಹಾಸುತ್ತಾ ಹೋಗುತ್ತಾರೆ, ಅದು ನಡೆಮಡಿ. ಹಾಸುವ ಹಕ್ಕು ಆ ಬೀದಿಯ ಮಡಿವಾಳರದು, ಬೇರೆ ಯಾರದೂ ಅಲ್ಲ. ಹಾಸಿದವಳಿಗೆ ಹೆಣ್ಣಿನ ತಾಯಿ ಸೀರೆ, ಎಲೆ ಅಡಿಕೆ ಕೊಡಬೇಕು. ಈ ಮದುವೆಯಲ್ಲಿ ಅವಳು ಹಾಸಿದರೆ ನಾಳೆ ಯಾವ ಮನೆಯವರೂ ಬಟ್ಟೆ ಕೊಡದೆ ಇರಲಾರರು. ಹಾಸದೆ ಹೋದರೆ, ಅತ್ತೆ ಕೊಟ್ಟ ಬೀದಿ ಅವಳ ಕೈಯಲ್ಲೇ ಮುಗಿಯಿತು. ಈ ಮಾತು ಈರಕ್ಕನಿಗೂ ಗೊತ್ತಿತ್ತು, ಶಾಂತಕ್ಕನಿಗೂ ಗೊತ್ತಿತ್ತು.

ಶಾಂತಕ್ಕ ಹೊಸದುರ್ಗದ ಮಡಿವಾಳರಿಗೆ ಹೇಳಿಕಳಿಸಿದಳು. ಅವರು, ಇನ್ನೊಬ್ಬರ ಬೀದಿಗೆ ನಾವು ಕಾಲಿಡುವುದಿಲ್ಲ ಎಂದರು. ಹೊಳಲ್ಕೆರೆಯವರೂ ಅದನ್ನೇ ಅಂದರು. ನಡೆಮಡಿ ಇಲ್ಲದೆ ಹೆಣ್ಣು ಹಸೆಗೆ ಬಂದರೆ ಬೀಗರು ಮಾತಾಡುತ್ತಾರೆ. "ಈರಕ್ಕನ್ನೇ ಕರಿಯಾಣ ಬಿಡೇ" ಎಂದು ಮೂರ್ತಪ್ಪನವರು ಒಮ್ಮೆ ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡರು. ಶಾಂತಕ್ಕನಿಗೆ ಇನ್ನೊಂದು ಯೋಚನೆ ಹೊಳೆದಿತ್ತು. ಬಿಳಿ ಅಂಗಿಯ ಬಿಳಿ ಹುಡುಗರು, ರೋಗವಿಲ್ಲ, ಜಾತಿಯಿಲ್ಲ. ಅವರು ಹಾಸಿದರೆ ಹೊಳಲ್ಕೆರೆಯವರು ಬಾಯಿಮೇಲೆ ಬೆರಳಿಡಬೇಕು, ಪೋಟೊ ಎಷ್ಟು ಚೆನ್ನಾಗಿ ಬರುತ್ತದೆ!

ಹುಡುಗರನ್ನು ಕೇಳಿದಳು. "ಮದುವೆ ದಿವ್ಸ ಒಂದು ಬಟ್ಟೆ ಹಾಸ್ಕೊಡ್ಬೇಕು ಕಣಪ್ಪ." ಊರಿಗೆ ಬಂದು ಅಷ್ಟು ತಿಂಗಳಾದರೂ ಒಬ್ಬರೂ ಅವರ ಮತ ಹಿಡಿದಿರಲಿಲ್ಲ, ಬಂದವರೆಲ್ಲ ಇಂಗ್ಲಿಷ್ ಕಲಿತು ಎದ್ದು ಹೋಗಿದ್ದರು. ಯಾರಿಗಾದರೂ ಏನಾದರೂ ಸಹಾಯ ಮಾಡಿದರೆ ಆ ದಿನ ಸಾರ್ಥಕ ಎನ್ನುವ ಸ್ಥಿತಿಗೆ ಅವರು ಬಂದಿದ್ದರು. ಸೌದೆ ಒಡೆಯಲು, ನೀರು ಸೇದಲು ಕೂಡ ಹಿಂದೆಮುಂದೆ ನೋಡುತ್ತಿರಲಿಲ್ಲ. ಬಟ್ಟೆ ಹಾಸುವುದೇನು ಮಹಾ? ಸಂತೋಷದಿಂದ ಒಪ್ಪಿಕೊಂಡರು. ಒಬ್ಬ ಹೆಂಗಸಿನ ಬದುಕನ್ನು ಒಂದು ಸಲ ತಿಳಿಯದೆ ತುಳಿದದ್ದು ಸಾಲದು ಅನ್ನುವಂತೆ, ಈಗ ತಿಳಿಯದೆಯೇ ಇನ್ನೊಂದು ಕಾಲನ್ನೂ ಇಟ್ಟರು.

ಮದುವೆಯ ಬೆಳಗ್ಗೆ ಈರಕ್ಕನಿಗೆ ಸುದ್ದಿ ಮುಟ್ಟಿತು. ಮಾರಪ್ಪ, "ಹೋಗ್ಬ್ಯಾಡ ಕಣೇ, ಜನದ ಮುಂದೆ ಮಾನ ಕಳೀತಾರೆ" ಎಂದ.

"ಕಳಿಯಾಕೆ ಏನು ಉಳದೈತೆ?" ಎಂದು ಈರಕ್ಕ ಮುಖ ತೊಳೆದು, ಒಗೆದ ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟು ಹೊರಟಳು. ಕೈಗೆ ಸೆರಗು ಮುಚ್ಚಿಕೊಳ್ಳಲಿಲ್ಲ.

ಮೂರ್ತಪ್ಪನವರ ಮನೆಯ ಮುಂದೆ ಚಪ್ಪರ ತುಂಬಿತ್ತು. ವಾಲಗ ಊದುತ್ತಿದ್ದರು. ಮನೆಯ ಮುಂಬಾಗಿಲಲ್ಲಿ ಸರ್ವಮಂಗಳ ಬಾಸಿಂಗ ಕಟ್ಟಿಕೊಂಡು ನಿಂತಿದ್ದಳು. ಅವಳ ಮುಂದೆ ಉದ್ದಪ್ಪ, ಕೆಂಚಪ್ಪ. ಟೈ ಬಿಗಿದು, ಅಂಗಡಿಯಿಂದ ತಂದ ಬಿಳಿ ಬಟ್ಟೆಯ ಸುರುಳಿಯನ್ನು ಇಬ್ಬರೂ ಹಿಡಿದುಕೊಂಡು, ಪೋಟೊದವನು ಹೇಳಿದ ಕಡೆ ನೋಡುತ್ತಿದ್ದರು. ಈರಕ್ಕ ಚಪ್ಪರದ ನಡುವೆ ನಡೆದು ಬಂದಳು. ಅಕ್ಕಪಕ್ಕದವರು ಸೆರಗು ಎಳೆದುಕೊಂಡು ದಾರಿ ಬಿಟ್ಟರು. ಅದು ಮರ್ಯಾದೆಯ ದಾರಿಯಲ್ಲ.

ಅವಳು ಶಾಂತಕ್ಕನ ಕಡೆ ನೋಡಲೇ ಇಲ್ಲ. ನೇರವಾಗಿ ಕೆಂಚಪ್ಪನ ಮುಂದೆ ನಿಂತಳು. ವಾಲಗದವರು ತಾವಾಗಿಯೇ ನಿಲ್ಲಿಸಿದರು.

"ಏನಪ್ಪ ಕೆಂಚಪ್ಪ, ನಿನ್ನ ಮಡಿ ನೀನು ಇಟ್ಕಂಡೆ. ನಾನು ಮುಟ್ಟಿದ್ನಾ?"

ಅವನು ಇಲ್ಲ ಎಂದು ತಲೆಯಾಡಿಸಿದ.

"ಇದು ನನ್ನ ಮಡಿ. ನೀನ್ಯಾಕೆ ಮುಟ್ಟಿದೆ?"

ಆ ಹುಡುಗ ತನ್ನ ಕೈಯಲ್ಲಿದ್ದ ಸುರುಳಿಯನ್ನು ನೋಡಿದ, ಅವಳ ಕೈಯನ್ನು ನೋಡಿದ. ಉದ್ದಪ್ಪ ಅವನ ಕಿವಿಯಲ್ಲಿ ಏನೋ ಕೇಳಿದ. ಕೆಂಚಪ್ಪ ಎರಡು ಮಾತು ಹೇಳಿದ. ಉದ್ದಪ್ಪ ಸುರುಳಿಯನ್ನು ಕೈಬಿಟ್ಟ. ಕೆಂಚಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಈರಕ್ಕನ ಮಚ್ಚೆಗೈಯ ಮೇಲಿಟ್ಟ, ಇಟ್ಟು ಆ ಕೈಗಳನ್ನು ಒಂದು ಕ್ಷಣ ಹಿಡಿದುಕೊಂಡ. "ತಪ್ಪಾಯಿತು ಅಮ್ಮಾ" ಎಂದ. ಅದರ ಜೊತೆಗೆ ನಗಲಿಲ್ಲ, ಧನ್ಯವಾದ ಹೇಳಲಿಲ್ಲ. ಇಬ್ಬರೂ ಹಿಂದೆ ಸರಿದು ಕಂಬದ ಪಕ್ಕ ನಿಂತರು.

"ಏನ್ರಿ ಇದು?" ಶಾಂತಕ್ಕ ಗಂಡನ ಕಡೆ ತಿರುಗಿ ಕಿರುಚಿದಳು. "ನೋಡ್ತಾ ನಿಂತಿದೀರಲ್ಲ!"

ಗಂಡಿನ ಕಡೆಯ ಹಿರಿಯರು ಮೂಡಲಗಿರಿಯಪ್ಪನವರು. ಅವರಿಗೆ ಬಿಳಿಯರೂ ಹೊಸಬರು, ಈ ಜಗಳವೂ ಹೊಸದು. ಅವರು ಕೋಲು ಕುಟ್ಟಿ ಎದ್ದು, "ಮುಹೂರ್ತ ಮೀರ್ತೈತೆ. ಈ ಮನೇ ಮಡಿವಾಳ್ರು ಯಾರ್ರಿ? ಅದೊಂದು ಮಾತು ಹೇಳ್ರಿ ಮೊದ್ಲು" ಎಂದರು.

ಶಾಂತಕ್ಕ ಬಾಯಿ ತೆರೆದಳು. ಆದರೆ ಮದುವೆಯಾದ ಲಾಗಾಯ್ತು ಮೊದಲ ಸಲ ಮೂರ್ತಪ್ಪನವರ ಬಾಯಿ ಅವಳಿಗಿಂತ ಮುಂಚೆ ತೆರೆಯಿತು. "ಇವಳೇ ರೀ. ಇವಳ ಅತ್ತೆ ನನ್ನ ಮದುವೇಲಿ ಹಾಸಿದ್ಲು" ಎಂದರು. ಹೇಳಿ, ತಾವು ಹೇಳಿದ್ದಕ್ಕೆ ತಾವೇ ಹೆದರಿದವರಂತೆ ಪೇಟ ಸರಿಮಾಡಿಕೊಂಡರು.

ಈರಕ್ಕ ಹಾಸಿದಳು. ಹೊಸ್ತಿಲಿನಿಂದ ಚಪ್ಪರದ ಹಸೆಯವರೆಗೆ, ಒಂದು ಮಡಿಕೆ, ಒಂದು ಸುಕ್ಕಿಲ್ಲದಂತೆ, ಅಂಗೈಯಿಂದ ಸವರಿ ಸವರಿ ಹಾಸಿದಳು. ಆ ಅಂಗೈ ಸವರಿದ ಕಡೆಯೆಲ್ಲ ಸರ್ವಮಂಗಳಳ ಅರಿಶಿನದ ಕಾಲು ಬಿತ್ತು, ಅವಳ ಗಂಡನ ಕಾಲು ಬಿತ್ತು. ಯಾರ ಕಾಲೂ ಕೊಳೆಯಲಿಲ್ಲ. ಬೀದಿಯ ಹೆಂಗಸರೆಲ್ಲ ಕತ್ತು ಉದ್ದ ಮಾಡಿ ಅದನ್ನು ನೋಡಿದರು.

ಧಾರೆಯಾಯಿತು. ಇನ್ನು ಉಡುಗೊರೆ. ಶಾಂತಕ್ಕ ಬೀಗರ ಮುಂದೆ ಮುಖ ಗಂಟು ಹಾಕುವಂತಿಲ್ಲ. ಸೀರೆ, ಎಲೆ ಅಡಿಕೆಯ ತಟ್ಟೆ ಹಿಡಿದು ಬಂದು, ಮಾರುದೂರದಲ್ಲಿ ನಿಂತು, "ಮಡಿಲು ಒಡ್ಡೇ" ಎಂದಳು. ಮಡಿಲೊಡ್ಡಿದರೆ ಮೇಲಿನಿಂದ ಹಾಕಿಬಿಡಬಹುದು, ಕೈಗೆ ಕೈ ತಾಗುವುದಿಲ್ಲ. ಈರಕ್ಕ ಇಷ್ಟು ವರ್ಷವೂ ಮಡಿಲೊಡ್ಡಿಯೇ ತೆಗೆದುಕೊಂಡವಳು, ಅವಳ ಅತ್ತೆಯೂ ಹಾಗೇ ತೆಗೆದುಕೊಂಡವಳು.

ಅವತ್ತು ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎರಡೂ ಕೈ ಮುಂದೆ ಚಾಚಿದಳು.

"ಮಡಿಲು ಒಡ್ಡು ಅಂದೆ."

"ಕೈಗೆ ಕೊಡ್ರಿ ಅಮ್ಮಾ."

ಮೂಡಲಗಿರಿಯಪ್ಪನವರು ನೋಡುತ್ತಿದ್ದರು. ಬೀಗಿತ್ತಿ ನೋಡುತ್ತಿದ್ದಳು. ಕಂಬದ ಪಕ್ಕದಿಂದ ಇಬ್ಬರು ಬಿಳಿ ಹುಡುಗರು ನೋಡುತ್ತಿದ್ದರು. ಈರಕ್ಕನ ಕೈ ಅಲುಗಲಿಲ್ಲ; ಒದ್ದೆ ಜಮಖಾನ ಎತ್ತಿ ಎತ್ತಿ ಗಟ್ಟಿಯಾದ ಕೈ, ಅವಳು ಸಂಜೆತನಕ ಬೇಕಾದರೂ ಹಾಗೇ ನಿಲ್ಲುತ್ತಿದ್ದಳು. ಶಾಂತಕ್ಕ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ತಟ್ಟೆಯಿಂದ ಸೀರೆ ತೆಗೆದು ಆ ಕೈಗಳ ಮೇಲಿಟ್ಟಳು. ಬೆರಳು ತಾಗಿತು.

ಈರಕ್ಕ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಇಡೀ ಚಪ್ಪರಕ್ಕೆ ಕೇಳುವ ಹಾಗೆ ಹೇಳಿದಳು.

"ಈಗ ಕೈ ತೊಳ್ಕಳ್ಳಾದಾದ್ರೆ ಹೋಗಿ ತೊಳ್ಕಳ್ರಿ ಅಮ್ಮಾ. ಇಷ್ಟು ಜನ ನೋಡ್ಲಿ. ನೀರು ಬೇಕಾದ್ರೆ ನಾನೇ ಹುಯ್ತೀನಿ."

ಬಚ್ಚಲು ಬಲಗಡೆ ಎರಡೇ ಹೆಜ್ಜೆ. ಶಾಂತಕ್ಕ ಅತ್ತ ಹೋಗಲೂ ಆಗದೆ, ಆ ಕೈಯನ್ನು ಸೀರೆಗೆ ಒರೆಸಿಕೊಳ್ಳಲೂ ಆಗದೆ, ಬೀಗರೆಲ್ಲ ಊಟಕ್ಕೆ ಏಳುವತನಕ ಅದನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತೇ ಇದ್ದಳು.